ಕೀಮೋ ಕಾಲದಲ್ಲಿ ಕೂದಲು: ತಂಪು ಟೋಪಿಯೋ, ವಿಗ್ಗೋ, ಬೋಳಿಸುವುದೋ?

ಅಕ್ಕನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದ ವಾರ, ಡಾಕ್ಟರ ಎದುರು ಕೂತು ಅವಳು ಕೇಳಿದ ಮೊದಲ ಪ್ರಶ್ನೆ “ಕೂದಲು ಹೋಗುತ್ತಾ ಸರ್?” ಎಂಬುದು. ಪಕ್ಕದಲ್ಲಿದ್ದ ಭಾವ, “ಕೂದಲೇ ತಾನೆ, ಮತ್ತೆ ಬರುತ್ತೆ ಬಿಡು” ಅಂದರು. ಅವರು ಧೈರ್ಯ ಹೇಳಲಿಕ್ಕೇ ಅಂದದ್ದು. ಆದರೆ ಅಕ್ಕ ಆಮೇಲೆ ತುಮಕೂರು ತಲುಪುವವರೆಗೂ ಮಾತಾಡಲಿಲ್ಲ.

ಬೋಳು ತಲೆ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಬರೀ ಅಂದದ ವಿಷಯ ಆಗಿಲ್ಲ. ಗಂಡ ಸತ್ತ ಹೆಂಗಸಿನ ತಲೆ ಬೋಳಿಸುತ್ತಿದ್ದ ಕಾಲವನ್ನು ಕಣ್ಣಾರೆ ಕಂಡ ಅಜ್ಜಿಯಂದಿರ ಮೊಮ್ಮಕ್ಕಳು ನಾವು. ಅದಲ್ಲದೆ ಕೂದಲು ಉದುರಿತೆಂದರೆ ಕಾಯಿಲೆ ಊರಿಗೆಲ್ಲ ಗೊತ್ತಾಯಿತು ಎಂದೇ ಅರ್ಥ. ಆಫೀಸಿನಲ್ಲಿ ಯಾರಿಗೆ ಯಾವಾಗ ಹೇಳಬೇಕು, ಮಗಳ ಮದುವೆ ಮಾತುಕತೆ ನಡೆಯುತ್ತಿರುವಾಗ ಹೇಳಬೇಕೇ ಬೇಡವೇ ಎಂಬ ನಿರ್ಧಾರ ನಮ್ಮ ಕೈತಪ್ಪುತ್ತದೆ. ಹಾಗಾಗಿ ಕೂದಲಿನ ಬಗ್ಗೆ ಕೇಳಲು ಯಾರೂ ನಾಚಬೇಕಾಗಿಲ್ಲ.

ಅಕ್ಕನ ಜೊತೆ ಹದಿನಾರು ಸಲ ಬೆಂಗಳೂರಿನಲ್ಲಿ, ಕೀಮೋ ಕೊಟ್ಟು ಅದೇ ದಿನ ಮನೆಗೆ ಕಳಿಸುವ ಆಸ್ಪತ್ರೆಯ ಡೇಕೇರ್‌ನಲ್ಲಿ ಕೂತಿದ್ದೇನೆ. ಆ ಕೂರುವಿಕೆಯಲ್ಲಿ ಕಂಡದ್ದು, ಓದಿ ತಿಳಿದದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು: ಕೀಮೋ ಹೊತ್ತಿನಲ್ಲಿ ನೆತ್ತಿ ತಣ್ಣಗಿಟ್ಟು ಕೂದಲು ಉಳಿಸಲು ನೋಡುವ ತಂಪು ಟೋಪಿ ಯಾವುದು ಒಳ್ಳೆಯದು ಎಂದು ಹುಡುಕುವ ಮುಂಚೆ ನಿಮಗೆ ಕೊಡುವ ಔಷಧದ ಹೆಸರು ಬರೆಸಿಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ.

ಔಷಧದ ಹೆಸರು ಏಕೆ ಬೇಕು

ಕೀಮೋ ಔಷಧ ಬೇಗ ಬೇಗ ಒಡೆದು ಹೆಚ್ಚುವ ಜೀವಕೋಶಗಳನ್ನು ಹೊಡೆಯುತ್ತದೆ. ಕ್ಯಾನ್ಸರ್ ಕೋಶ ಹಾಗೆಯೇ ಹೆಚ್ಚುತ್ತದೆ, ಕೂದಲ ಬುಡದ ಕೋಶವೂ ಹಾಗೆಯೇ. ತಲೆಯ ಕೂದಲಲ್ಲಿ ನೂರಕ್ಕೆ ಎಂಬತ್ತೈದು ತೊಂಬತ್ತರಷ್ಟು ಯಾವಾಗಲೂ ಬೆಳೆಯುವ ಹಂತದಲ್ಲೇ ಇರುವುದರಿಂದ ಏಟು ಒಟ್ಟಿಗೆ ಬೀಳುತ್ತದೆ. ಮೊದಲ ಡೋಸ್ ಆದ ಎರಡು ಮೂರು ವಾರಕ್ಕೆ ದಿಂಬಿನ ಮೇಲೆ, ಬಚ್ಚಲ ಜಾಲರಿಯಲ್ಲಿ ಕೂದಲು ಕಾಣಿಸಲು ಶುರುವಾಗುತ್ತದೆ.

ಆದರೆ ಎಲ್ಲ ಔಷಧವೂ ಹೀಗಲ್ಲ. ಕ್ಯಾಪೆಸಿಟಾಬಿನ್ ಮಾತ್ರೆ, ಜೆಮ್‌ಸಿಟಾಬಿನ್ ಇಂಥವುಗಳಲ್ಲಿ ಕೂದಲು ತೆಳುವಾದೀತು, ಸಾಮಾನ್ಯವಾಗಿ ಪೂರ್ತಿ ಹೋಗುವುದಿಲ್ಲ. ಇವರಿಗೆ ಟೋಪಿಯ ಖರ್ಚು, ಚಳಿ ಎರಡೂ ಬೇಡ. ಕೂದಲನ್ನು ಪೂರ್ತಿ ಒಯ್ಯುವ ಔಷಧಗಳಲ್ಲಿ ಮುಖ್ಯವಾಗಿ ಎರಡು ಗುಂಪು. ಒಂದು, ಟ್ಯಾಕ್ಸೇನ್ ಗುಂಪು: ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್. ಇನ್ನೊಂದು, ಡೇಕೇರ್‌ನಲ್ಲಿ ಎಲ್ಲರೂ “ಕೆಂಪು ಔಷಧ” ಎನ್ನುವ ಡಾಕ್ಸೊರುಬಿಸಿನ್ ಮತ್ತು ಅದರ ತಂಗಿಯಂತಿರುವ ಎಪಿರುಬಿಸಿನ್. ಟ್ಯಾಕ್ಸೇನ್ ಒಂದೇ ಇದ್ದಾಗ ತಂಪು ಟೋಪಿ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಂಪು ಔಷಧದ ಮುಂದೆ ಅದರ ಬಲ ಬಹಳ ಕಡಿಮೆ. ಎರಡನ್ನೂ ಒಂದೇ ದಿನ ಒಟ್ಟಿಗೆ ಕೊಡುವ ಚಿಕಿತ್ಸೆ ನಿಮ್ಮದಾಗಿದ್ದರೆ ಟೋಪಿಯ ಮೇಲೆ ಆಸೆ ಇಡಬೇಡಿ ಎಂದೇ ನಾನು ಹೇಳುವುದು.

ಮೆಷಿನ್ ಟೋಪಿ

ಚಿಕ್ಕವರಿದ್ದಾಗ ಅಮ್ಮ ನೆತ್ತಿಗೆ ಹರಳೆಣ್ಣೆ ತಟ್ಟಿ “ನೆತ್ತಿ ತಂಪಾಗಿರಲಿ” ಅನ್ನುತ್ತಿದ್ದಳು. ಇದು ಆ ತಂಪಲ್ಲ. ಇಲ್ಲಿ ನೆತ್ತಿಯ ಚರ್ಮವನ್ನು ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸುತ್ತಾರೆ. ಆಗ ರಕ್ತನಾಳ ಕುಗ್ಗಿ, ಡ್ರಿಪ್ಪಿನಲ್ಲಿ ಹರಿಯುವ ಔಷಧ ಕೂದಲ ಬುಡಕ್ಕೆ ಕಡಿಮೆ ತಲುಪುತ್ತದೆ. ಬುಡದ ಕೋಶಗಳ ಚಟುವಟಿಕೆಯೂ ನಿಧಾನವಾಗುವುದರಿಂದ ತಲುಪಿದ ಔಷಧದ ಏಟು ಕೂಡ ತಗ್ಗುತ್ತದೆ. 1970ರ ದಶಕದಿಂದಲೇ ಈ ಪ್ರಯತ್ನ ನಡೆದಿದೆ, ಆಗ ಐಸ್ ಚೀಲ ಕಟ್ಟುತ್ತಿದ್ದರು.

ಈಗ ಹೆಚ್ಚು ಕೇಳಿಬರುವ ಮೆಷಿನ್‌ಗಳು ಎರಡು. ಸ್ವೀಡನ್ನಿನ ಡಿಗ್ನಿಕ್ಯಾಪ್, ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ಪ್ಯಾಕ್ಸ್‌ಮನ್. ಪ್ಯಾಕ್ಸ್‌ಮನ್ ಮನೆಯವರದು ಬಿಯರ್ ತಣ್ಣಗಾಗಿಸುವ ಯಂತ್ರಗಳ ಕಸುಬು. 1990ರ ದಶಕದಲ್ಲಿ ಆ ಮನೆಯ ಸೂ ಪ್ಯಾಕ್ಸ್‌ಮನ್ ಕೀಮೋದಲ್ಲಿ ಕೂದಲು ಕಳೆದುಕೊಂಡ ಮೇಲೆ ಗಂಡ ಗ್ಲೆನ್ ತಮಗೆ ಗೊತ್ತಿದ್ದ ವಿದ್ಯೆಯನ್ನೇ ಇದಕ್ಕೆ ತಿರುಗಿಸಿದರು. ಫ್ರಿಜ್‌ನಂಥ ಪೆಟ್ಟಿಗೆಯಿಂದ ತಣ್ಣನೆಯ ದ್ರವ ಕೊಳವೆಯಲ್ಲಿ ಬಂದು ಸಿಲಿಕೋನ್ ಟೋಪಿಯೊಳಗೆ ಸುತ್ತಿ ಹಿಂದಿರುಗುತ್ತದೆ. ಮೇಲೊಂದು ದಪ್ಪ ಹೊದಿಕೆಯ ಟೋಪಿ, ಗಲ್ಲದ ಕೆಳಗೆ ಪಟ್ಟಿ. ಅಮೆರಿಕದಲ್ಲಿ ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಡಿಗ್ನಿಕ್ಯಾಪ್‌ಗೆ 2015ರ ಡಿಸೆಂಬರಿನಲ್ಲಿ, ಪ್ಯಾಕ್ಸ್‌ಮನ್‌ಗೆ 2017ರಲ್ಲಿ ಮೊದಲು ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಕೊಟ್ಟಿತು, ಆಮೇಲೆ ಬೇರೆ ಗಡ್ಡೆ ಕ್ಯಾನ್ಸರುಗಳಿಗೂ ವಿಸ್ತರಿಸಿತು.

ಇವೆರಡರಲ್ಲಿ ಯಾವುದು ಮೇಲು? 2017ರ ಫೆಬ್ರವರಿಯಲ್ಲಿ ಎರಡರ ಅಧ್ಯಯನವೂ ಒಂದೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದವು. ಡಿಗ್ನಿಕ್ಯಾಪ್ ಹಾಕಿಕೊಂಡ 101 ಮಹಿಳೆಯರಲ್ಲಿ 67 ಮಂದಿಗೆ, ಅಂದರೆ ನೂರಕ್ಕೆ 66 ಮಂದಿಗೆ, ಕೂದಲು ಉಳಿಯಿತು. ಪ್ಯಾಕ್ಸ್‌ಮನ್‌ನಲ್ಲಿ 95ರಲ್ಲಿ 48, ನೂರಕ್ಕೆ 50ರ ಹತ್ತಿರ. ಎರಡರಲ್ಲೂ ಟೋಪಿ ಇಲ್ಲದವರಲ್ಲಿ ಒಬ್ಬರಿಗೂ ಉಳಿಯಲಿಲ್ಲ. ಇದನ್ನು ನೋಡಿ ಡಿಗ್ನಿಕ್ಯಾಪ್ ಗೆದ್ದಿತು ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಅದು ತಪ್ಪು. ಡಿಗ್ನಿಕ್ಯಾಪ್ ಅಧ್ಯಯನದಲ್ಲಿ ಕೆಂಪು ಔಷಧದವರನ್ನು ಸೇರಿಸಿರಲೇ ಇಲ್ಲ. ಪ್ಯಾಕ್ಸ್‌ಮನ್ ಅಧ್ಯಯನದಲ್ಲಿ ಅವರೂ ಇದ್ದರು, ಸರಾಸರಿಯನ್ನು ಕೆಳಗೆ ಎಳೆದದ್ದು ಅವರ ಫಲಿತಾಂಶವೇ. ಮೆಷಿನ್ ಮೆಷಿನ್ ನಡುವಿನ ವ್ಯತ್ಯಾಸಕ್ಕಿಂತ ಔಷಧ ಔಷಧದ ನಡುವಿನದೇ ದೊಡ್ಡದು. ನಿಮ್ಮ ಆಸ್ಪತ್ರೆಯಲ್ಲಿ ಯಾವ ಮೆಷಿನ್ ಇದೆಯೋ, ಯಾರ ಸಿಬ್ಬಂದಿಗೆ ಅದನ್ನು ಸರಿಯಾಗಿ ತೊಡಿಸಿ ಅಭ್ಯಾಸವಿದೆಯೋ ಅಲ್ಲಿಗೆ ಹೋಗಿ. ಬ್ರ್ಯಾಂಡ್ ನೋಡಿ ಆಸ್ಪತ್ರೆ ಬದಲಿಸಬೇಡಿ.

ನಮ್ಮ ಕೂದಲಿನ ಮೇಲೆ ನಡೆದ ಪರೀಕ್ಷೆಯೂ ಒಂದಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 51 ಮಹಿಳೆಯರ ಮೇಲೆ ನಡೆದದ್ದು, 2020ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಟೋಪಿ ಹಾಕಿಕೊಂಡವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಉಳಿಯಿತು, ಹಾಕದವರಲ್ಲಿ ಯಾರಿಗೂ ಇಲ್ಲ. ಉದುರಿದವರಿಗೂ ಟೋಪಿ ಇದ್ದರೆ ಹೊಸ ಕೂದಲು ಬೇಗ ಬಂತು ಎಂಬುದು ಅದರಲ್ಲಿ ನನಗೆ ಮುಖ್ಯವಾಗಿ ಕಂಡ ವಿಷಯ.

ಇಲ್ಲಿ “ಉಳಿಯಿತು” ಎಂಬ ಮಾತನ್ನು ಬಿಡಿಸಿ ಹೇಳಲೇಬೇಕು. ಈ ಅಧ್ಯಯನಗಳಲ್ಲಿ ಅರ್ಧದಷ್ಟು ಕೂದಲು ಉದುರಿದರೂ ಅದು ಯಶಸ್ಸೇ. ವಿಗ್ ಬೇಕೆನಿಸದ ಮಟ್ಟಿಗೆ ತಲೆ ತುಂಬಿದ್ದರೆ ಸಾಕು ಎಂಬ ಅಳತೆ ಅದು. ಮೊಣಕೈ ಉದ್ದದ ಜಡೆ ಹಾಗೇ ಇರುತ್ತದೆ ಎಂದು ನಂಬಿ ಹೋದವರು ಮೂರನೆಯ ವಾರ ಬಾಚಣಿಗೆ ತುಂಬ ಕೂದಲು ನೋಡಿ ಟೋಪಿ ಬಿಟ್ಟುಬಿಡುತ್ತಾರೆ. ನಮ್ಮ ಪಕ್ಕದ ಕುರ್ಚಿಯವರೊಬ್ಬರು ಹೀಗೇ ಬಿಟ್ಟರು, ಆಮೇಲೆ ಉಳಿದದ್ದೂ ಹೋಯಿತು. ಟೋಪಿ ಇದ್ದರೂ ಉದುರುತ್ತದೆ. ಹಾಗೆಂದು ನಡುವೆ ನಿಲ್ಲಿಸಬಾರದು.

ಆ ಕುರ್ಚಿಯಲ್ಲಿ ಕೂರುವುದು ಹೇಗಿರುತ್ತದೆ

ಡ್ರಿಪ್ ಶುರುವಾಗುವ ಅರ್ಧ ಗಂಟೆ ಮುಂಚೆ ಟೋಪಿ ಹಾಕುತ್ತಾರೆ. ಔಷಧ ಹೋಗುವಷ್ಟು ಹೊತ್ತೂ ಇರಬೇಕು. ಮುಗಿದ ಮೇಲೂ ಔಷಧವನ್ನು ನೋಡಿಕೊಂಡು ಇನ್ನೊಂದಿಷ್ಟು, ಸಾಮಾನ್ಯವಾಗಿ ಒಂದೂವರೆ ಗಂಟೆ. ವಾರಕ್ಕೊಮ್ಮೆಯ ಪ್ಯಾಕ್ಲಿಟ್ಯಾಕ್ಸೆಲ್ ಒಂದು ಗಂಟೆಯ ಡ್ರಿಪ್ಪಾದರೆ ಟೋಪಿಯೊಂದಿಗೆ ಮೂರು ಗಂಟೆಯಾಯಿತು. ಹನ್ನೆರಡು ವಾರ. ಜೊತೆಗೆ ಬರುವವರ ರಜೆ, ಕೂಲಿ, ಮನೆಗೆ ವಾಪಸ್ ಬಸ್ಸು ಇವೆಲ್ಲ ಟೋಪಿಯ ಬೆಲೆಯಲ್ಲೇ ಸೇರುತ್ತವೆ.

ಮೊದಲ ಹತ್ತು ಹದಿನೈದು ನಿಮಿಷ ಕಷ್ಟ. ಐಸ್ ಕ್ಯಾಂಡಿ ಗಬಕ್ಕನೆ ಕಚ್ಚಿದಾಗ ಹಣೆ ಸಿಡಿಯುತ್ತದಲ್ಲ, ಹಾಗೆ. ಅಕ್ಕ ಮೊದಲ ಸಲ ನನ್ನ ಕೈ ಹಿಡಿದು ಉಗುರು ಊರಿದಳು. ಆಮೇಲೆ ಜೋಮು ಹಿಡಿದಂತಾಗಿ ತಡೆದುಕೊಳ್ಳುವಷ್ಟಾಗುತ್ತದೆ. ಡಾಕ್ಟರು ಒಪ್ಪಿದರೆ ತಲೆನೋವಿನ ಮಾತ್ರೆ ಮೊದಲೇ ನುಂಗಬಹುದು. ಕಂಬಳಿ, ಕಾಲುಚೀಲ, ಫ್ಲಾಸ್ಕಿನಲ್ಲಿ ಬಿಸಿ ಸಾರು ನಾವು ಒಯ್ಯುತ್ತಿದ್ದೆವು. ಚಳಿ ತಾಳಲಾಗದೆ ಬಿಡುವವರೂ ಇದ್ದಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಕಣ್ಣಿಡಬೇಕಾದದ್ದು ಟೋಪಿಯ ಅಳತೆಗೆ. ನೆತ್ತಿಗೂ ಟೋಪಿಗೂ ನಡುವೆ ಎಲ್ಲಿ ಗಾಳಿ ಉಳಿಯುತ್ತದೋ ಅಲ್ಲಿ ಕೂದಲು ಹೋಗುತ್ತದೆ. ಅಕ್ಕನಿಗೆ ಮೊದಲ ಎರಡು ಸಲ ಒಂದು ಸೈಜ್ ದೊಡ್ಡದು ಹಾಕಿದ್ದರು. ನಡುನೆತ್ತಿ ತಣ್ಣಗಾಗಿಲ್ಲ ಎಂದು ಅವಳು ಹೇಳಿದಳು, ನಾನೇ “ಅವರಿಗೆ ಗೊತ್ತಿರುತ್ತೆ ಬಿಡು” ಅಂದೆ. ಸರಿಯಾಗಿ ಅಲ್ಲೇ ಅಂಗೈಯಗಲ ಬೋಳಾಯಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟ. ಟೋಪಿ ಹಾಕಿದ ಐದು ನಿಮಿಷಕ್ಕೆ ತಲೆಯ ಎಲ್ಲ ಕಡೆ ಒಂದೇ ಸಮ ತಣ್ಣಗಿದೆಯೇ ಎಂದು ಗಮನಿಸಿ, ಇಲ್ಲದಿದ್ದರೆ ನರ್ಸ್‌ಗೆ ಹೇಳಿ ಬಿಗಿ ಮಾಡಿಸಿ. ದಟ್ಟ ಕೂದಲಿದ್ದರೆ ಬೈತಲೆ ಬಿಡಿಸಿ ಒದ್ದೆ ಮಾಡಿ, ಸ್ವಲ್ಪ ಕಂಡೀಶನರ್ ಸವರಿ ತಲೆಗೆ ಅಂಟುವಂತೆ ಬಾಚುತ್ತಾರೆ. ಆ ದಿನ ಎಣ್ಣೆ ಬೇಡ, ತುರುಬು ಬೇಡ, ಜಡೆ ಬೇಡ. ಬಹಳ ಉದ್ದವಿದ್ದರೆ ಭುಜದ ಮಟ್ಟಕ್ಕೆ ಕತ್ತರಿಸಿಕೊಳ್ಳುವುದು ಲೇಸು, ಭಾರಕ್ಕೇ ಎಳೆದು ಬೀಳುವುದು ತಪ್ಪುತ್ತದೆ.

ಮನೆಯಲ್ಲೂ ನೇಮವಿದೆ. ವಾರಕ್ಕೆ ಒಂದೆರಡು ಸಲ ಮಾತ್ರ ಉಗುರುಬೆಚ್ಚಗಿನ ನೀರು, ಸೌಮ್ಯವಾದ ಶಾಂಪೂ. ಅಗಲ ಹಲ್ಲಿನ ಬಾಚಣಿಗೆ. ಡೈ, ಮೆಹಂದಿ, ಡ್ರೈಯರ್ ಯಾವುದೂ ಇಲ್ಲ. ಟೋಪಿ ಹುಬ್ಬನ್ನೂ ರೆಪ್ಪೆಯನ್ನೂ ಕಾಯುವುದಿಲ್ಲ ಎಂಬುದು ನಮಗೆ ಮೊದಲೇ ಗೊತ್ತಿರಲಿಲ್ಲ, ಹುಬ್ಬು ಹೋದ ದಿನ ಅಕ್ಕ ಅತ್ತಳು.

ಬದಲಾಯಿಸುವ ಜೆಲ್ ಟೋಪಿ

ಮೆಷಿನ್ ಇಲ್ಲದ ಕಡೆ ಇದನ್ನು ಬಳಸುವವರಿದ್ದಾರೆ. ಜೆಲ್ ತುಂಬಿದ ಟೋಪಿಗಳನ್ನು ಡ್ರೈ ಐಸ್ ಪೆಟ್ಟಿಗೆಯಲ್ಲಿಟ್ಟು ಸೊನ್ನೆಗಿಂತ ಬಹಳ ಕೆಳಗೆ, ಮೈನಸ್ 30 ಡಿಗ್ರಿಯ ಆಸುಪಾಸಿಗೆ ಇಳಿಸಿ ತಲೆಗೆ ಕಟ್ಟುತ್ತಾರೆ. ತಲೆಯ ಕಾವಿಗೆ ಅದು ಕರಗುತ್ತ ಬರುವುದರಿಂದ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬಿಚ್ಚಿ ಹೊಸದು ಹಾಕಬೇಕು. ಒಬ್ಬರು ಗಡಿಯಾರ ನೋಡುತ್ತಾ ಇದೇ ಕೆಲಸಕ್ಕೆ ನಿಂತಿರಬೇಕು. ಮೆಷಿನ್‌ನಲ್ಲಿ ತಂಪು ಒಂದೇ ಸಮ ಇರುತ್ತದೆ, ಇದರಲ್ಲಿ ಏರಿಳಿತ. ಹಣೆ, ಕಿವಿಯ ಚರ್ಮ ಚಳಿಗೆ ಸುಟ್ಟ ಪ್ರಸಂಗಗಳು ದಾಖಲಾಗಿವೆ. ಡ್ರೈ ಐಸ್ ತರಿಸುವುದು, ಆಸ್ಪತ್ರೆಯವರು ಒಳಗೆ ಬಿಡುವುದು ಬೇರೆ ತಾಪತ್ರಯ. ಕೈಗೆ ಸಿಗುವ ದೂರದಲ್ಲಿ ಮೆಷಿನ್ ಇದ್ದರೆ ನಾನು ಇದರ ಕಡೆ ಹೋಗುವುದಿಲ್ಲ.

ಮನೆಯ ಫ್ರಿಜ್ಜಿನ ಐಸ್ ಪ್ಯಾಕ್ ಬಟ್ಟೆಯಲ್ಲಿ ಸುತ್ತಿ ತಲೆಗೆ ಕಟ್ಟಿಕೊಂಡು ಬಂದವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ತಂಪು ಎಲ್ಲ ಕಡೆ ಸಮನಾಗಿ ಕೂರುವುದಿಲ್ಲ, ನೋವು ಮಾತ್ರ ಉಳಿಯುತ್ತದೆ.

ಯಾರಿಗೆ ಟೋಪಿ ಬೇಡವೇ ಬೇಡ

ರಕ್ತದ ಕ್ಯಾನ್ಸರ್, ದುಗ್ಧಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಾ ಇದ್ದವರಿಗೆ ಇದು ಸಲ್ಲದು. ಅಲ್ಲಿ ಕ್ಯಾನ್ಸರ್ ಕೋಶ ಮೈಯೆಲ್ಲ ಓಡಾಡುತ್ತಿರುತ್ತದೆ, ನೆತ್ತಿಯಲ್ಲಿ ಔಷಧ ತಲುಪದ ಜಾಗ ಬಿಡುವುದು ಅಪಾಯ. ನೆತ್ತಿಯಲ್ಲೇ ಗಡ್ಡೆ ಇದ್ದವರು, ತಲೆಗೆ ಕರೆಂಟ್ ಅಂದರೆ ರೇಡಿಯೇಷನ್ ಕೊಡಿಸಿಕೊಳ್ಳುವವರು, ಚಳಿ ತಾಗಿದರೆ ಮೈ ದದ್ದರಿಸುವ ಅಲರ್ಜಿ ಇದ್ದವರು, ಕೋಲ್ಡ್ ಅಗ್ಲುಟಿನಿನ್ ಎಂಬ ರಕ್ತದ ತೊಂದರೆ ಇದ್ದವರು ಕೂಡ ದೂರವಿರಬೇಕು. ಇದು ದೊಡ್ಡವರಿಗಷ್ಟೇ ಎಂದು ಒಪ್ಪಿಗೆ ಪಡೆದ ಸಾಧನ, ಮಕ್ಕಳಿಗಲ್ಲ.

ಸ್ತನ ಕ್ಯಾನ್ಸರ್ ಆದವರಿಗೂ ಇದೇ ಭಯ ಕಾಡುತ್ತದೆ: ನೆತ್ತಿಗೆ ಔಷಧ ಕಡಿಮೆ ಹೋದರೆ ಕಾಯಿಲೆ ಅಲ್ಲಿ ಅಡಗಿ ಕೂತರೆ? ಅಮ್ಮ ಇದನ್ನೇ ಕೇಳಿ ಕೇಳಿ ನಿದ್ದೆಗೆಟ್ಟಳು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಟೋಪಿ ಹಾಕಿದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ 0.61 ಮಂದಿಗೆ, ಹಾಕದವರಲ್ಲಿ 0.41 ಮಂದಿಗೆ ನೆತ್ತಿಗೆ ಕ್ಯಾನ್ಸರ್ ಹರಡಿತ್ತು. ಎರಡೂ ನೂರಕ್ಕೆ ಒಂದರ ಕೆಳಗೇ, ಅವುಗಳ ನಡುವಿನ ಅಂತರ ಕಾಕತಾಳೀಯಕ್ಕೂ ಬರಬಹುದಾದಷ್ಟು ಸಣ್ಣದು. ಈ ಅಂಕಿಯನ್ನು ಡಾಕ್ಟರು ಬಾಯಿಬಿಟ್ಟು ಹೇಳಿದ ಮೇಲೆ ಅಮ್ಮ ಒಪ್ಪಿದಳು.

ವಿಗ್, ಸ್ಕಾರ್ಫ್, ಬೋಳಿಸುವುದು

ಕೆಂಪು ಔಷಧವೇ ಪೂರ್ತಿ ಇರುವವರಿಗೆ, ಚಳಿ ತಾಳದವರಿಗೆ, ಆಸ್ಪತ್ರೆಯಲ್ಲಿ ಮೆಷಿನ್ ಇಲ್ಲದವರಿಗೆ ಇದೇ ದಾರಿ. ಇದನ್ನು ಸೋಲು ಎಂದುಕೊಳ್ಳಬೇಡಿ. ಡೇಕೇರ್‌ನಲ್ಲಿ ಪರಿಚಯವಾದ ಹಾಸನದ ಕಡೆಯ ಒಬ್ಬ ಟೀಚರಮ್ಮ ಮೊದಲ ಡೋಸ್ ಆದ ಹತ್ತನೇ ದಿನಕ್ಕೇ ಬೋಳಿಸಿಕೊಂಡು ಬಂದಿದ್ದರು. “ಅದು ಬೀಳೋದನ್ನ ದಿನಾ ಕಾಯೋದಕ್ಕಿಂತ ನಾನೇ ತೆಗೆದೆ ಕಣಮ್ಮ, ಈಗ ನಿದ್ದೆ ಬರುತ್ತೆ” ಅಂದರು. ಅವರ ಮುಖದಲ್ಲಿ ನಿಜಕ್ಕೂ ನೆಮ್ಮದಿ ಇತ್ತು.

ಬೋಳಿಸುವುದಾದರೆ ಟ್ರಿಮ್ಮರ್‌ನಿಂದ. ಬ್ಲೇಡ್ ಬೇಡ. ಕೀಮೋದಲ್ಲಿ ಬಿಳಿ ರಕ್ತಕಣ ಇಳಿದಿರುವಾಗ ಸಣ್ಣ ಗಾಯವೂ ಕೀವಾಗಬಹುದು. ದೇವರಿಗೆ ಮುಡಿ ಕೊಡುವ ಹರಕೆ ಇದ್ದರೆ ಮೊದಲ ಡೋಸ್‌ಗೆ ಮುಂಚೆಯೇ ಹೋಗಿಬನ್ನಿ, ಕೀಮೋ ನಡುವೆ ಜಾತ್ರೆಯಂಥ ಜನಜಂಗುಳಿಗೆ ಬೇಡ.

ವಿಗ್ಗನ್ನು ಕೂದಲಿರುವಾಗಲೇ ಹೋಗಿ ನೋಡಿ, ಬಣ್ಣ, ಬೈತಲೆ ಹೊಂದಿಸಲು ಸುಲಭ. ಅಳತೆ ಹೆಚ್ಚು ಕಡಿಮೆ ಮಾಡಬಹುದಾದದ್ದನ್ನೇ ಕೊಳ್ಳಿ, ಕೂದಲು ಹೋದ ಮೇಲೆ ತಲೆ ಚಿಕ್ಕದಾಗುತ್ತದೆ. ಸಿಂಥೆಟಿಕ್ ವಿಗ್ ಅಗ್ಗ, ತೊಳೆದು ಒಣಗಿಸಿದರೆ ಆಕಾರ ಹಾಗೇ ಇರುತ್ತದೆ. ಆದರೆ ಒಲೆಯ ಮುಂದೆ ಅದು ಆಗುವುದಿಲ್ಲ. ಒಗ್ಗರಣೆ ಹೊಗೆ, ಕುಕ್ಕರಿನ ಆವಿ ತಾಗಿದರೆ ಮುಂಗುರುಳು ಸುರುಟಿಕೊಳ್ಳುತ್ತದೆ. ನಿಜ ಕೂದಲಿನದು ಸಹಜವಾಗಿ ಕಾಣುತ್ತದೆ, ಬೆಲೆಯೂ ಆರೈಕೆಯೂ ಹೆಚ್ಚು. ರಾಯಚೂರು, ಕಲಬುರಗಿ ಬಿಸಿಲಿನಲ್ಲಿ ಎರಡೂ ಬೆವರಿಳಿಸುತ್ತವೆ, ಒಳಗೆ ತೆಳು ಹತ್ತಿಯ ಟೋಪಿ ಇರಲೇಬೇಕು. ಮನೆಯಲ್ಲಿರುವಾಗ ಹಳೆಯ ಮೆತ್ತನೆ ಕಾಟನ್ ಸೀರೆಯ ತುಂಡಿಗಿಂತ ಒಳ್ಳೆಯದನ್ನು ನಾನು ನೋಡಿಲ್ಲ. ರೇಷ್ಮೆ ಜಾರುತ್ತದೆ.

ಎಣ್ಣೆ, ಬಯೋಟಿನ್, ಮಿನಾಕ್ಸಿಡಿಲ್

ಕೀಮೋದ ಕೂದಲುದುರುವಿಕೆಯನ್ನು ಯಾವ ಎಣ್ಣೆಯೂ ತಡೆಯುವುದಿಲ್ಲ. ಎಷ್ಟೇ ಬೆಲೆಯದಾಗಲಿ, ಯಾವ ಕಾಡಿನ ಬೇರಿನದಾಗಲಿ. ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಡೆಯುತ್ತದೆ ಎಂಬುದಕ್ಕೂ ಆಧಾರವಿಲ್ಲ, ಮೇಲಾಗಿ ಅದು ಥೈರಾಯ್ಡ್, ಹೃದಯದ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನೇ ಏರುಪೇರು ಮಾಡಬಲ್ಲದು. ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ಕೂದಲು ಬೆಳೆಸಲು ನೆತ್ತಿಗೆ ಹಚ್ಚುವ ಮಿನಾಕ್ಸಿಡಿಲ್ ಉದುರುವುದನ್ನು ತಡೆಯದಿದ್ದರೂ ಮತ್ತೆ ಬೆಳೆಯುವುದನ್ನು ಬೇಗ ಮಾಡುತ್ತದೆಂದು 1990ರ ದಶಕದ ಒಂದು ಸಣ್ಣ ಪರೀಕ್ಷೆಯಲ್ಲಿ ಕಂಡಿತ್ತು. ಅದನ್ನು ಯಾವಾಗ ಶುರುಮಾಡಬೇಕೆಂದು ಚರ್ಮದ ಡಾಕ್ಟರನ್ನು ಕೇಳಿ.

ನಾನಾದರೆ ಹೇಗೆ ಆರಿಸುತ್ತೇನೆ

ವಾರದ ಪ್ಯಾಕ್ಲಿಟ್ಯಾಕ್ಸೆಲ್ ಅಥವಾ ಡೋಸಿಟ್ಯಾಕ್ಸೆಲ್ ಜೊತೆಗೆ ಸೈಕ್ಲೊಫಾಸ್ಫಮೈಡ್ ಎಂಬ ಇನ್ನೊಂದು ಕೀಮೋ ಔಷಧ, ಕೆಂಪು ಔಷಧ ಇಲ್ಲ ಎಂದರೆ, ದುಡ್ಡಿಗೆ ದಾರಿ ಇದ್ದರೆ, ಮೆಷಿನ್ ಟೋಪಿಗೆ ಎರಡು ಮಾತಿಲ್ಲದೆ ಹೋಗುತ್ತೇನೆ. ಡೋಸಿಟ್ಯಾಕ್ಸೆಲ್‌ಗೆ ಇನ್ನೊಂದು ಕಾರಣವೂ ಇದೆ. ಆ ಔಷಧ ಪಡೆದ ಕೆಲವರಲ್ಲಿ ಕೂದಲು ವರ್ಷಗಳಾದರೂ ಪೂರ್ತಿ ಮರಳುವುದಿಲ್ಲ. “ಮತ್ತೆ ಬರುತ್ತೆ ಬಿಡು” ಎಂಬ ಮಾತು ಅವರ ಪಾಲಿಗೆ ಸುಳ್ಳಾಗುತ್ತದೆ.

ಅಕ್ಕನಂತೆ ಮೊದಲು ನಾಲ್ಕು ಕೆಂಪು ಔಷಧ, ಆಮೇಲೆ ಹನ್ನೆರಡು ಪ್ಯಾಕ್ಲಿಟ್ಯಾಕ್ಸೆಲ್ ಇದ್ದವರದು ಇಕ್ಕಟ್ಟು. ಅವಳಿಗೆ ನಾಲ್ಕು ಮುಗಿಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚೇ ಹೋಗಿತ್ತು. ಅಲ್ಲಿಗೆ ಟೋಪಿ ನಿಲ್ಲಿಸೋಣ ಅಂದೆವು. ನರ್ಸ್ ಒಬ್ಬರು ನಿಲ್ಲಿಸಬೇಡಿ ಎಂದು ಹಟ ಹಿಡಿದರು. ಹನ್ನೆರಡರಲ್ಲಿ ಎಂಟನೇ ವಾರಕ್ಕೆ, ಕೀಮೋ ನಡೆಯುತ್ತಿರುವಾಗಲೇ, ಆ ಬೋಳು ಜಾಗದಲ್ಲಿ ಹೊಸ ಕೂದಲು ಚಿಗುರಿತು. ಈ ಕ್ರಮದಲ್ಲಿ ಮೊದಲ ಭಾಗಕ್ಕೆ ವಿಗ್ಗೋ ಸ್ಕಾರ್ಫೋ ಸಿದ್ಧವಿಟ್ಟುಕೊಂಡೇ ಟೋಪಿ ಹಾಕಿ ಎನ್ನುತ್ತೇನೆ. ಟ್ಯಾಕ್ಸೇನ್ ಮೊದಲು ಕೊಡಬಹುದೇ ಎಂದು ಡಾಕ್ಟರನ್ನು ಕೇಳಬಹುದು. ಆದರೆ ಕಾಯಿಲೆಗೆ ಯಾವ ಕ್ರಮ ಸರಿಯೋ ಅದನ್ನು ಅವರೇ ಹೇಳಲಿ, ಕೂದಲಿಗಾಗಿ ಔಷಧ ಬದಲಿಸಿ ಎಂದು ಒತ್ತಾಯಿಸಬೇಡಿ.

ನಿರ್ಧಾರ ಮೊದಲ ಡೋಸ್‌ಗೆ ಮುಂಚೆಯೇ ಆಗಬೇಕು, ಉದುರಲು ಶುರುವಾದ ಮೇಲೆ ಟೋಪಿ ತೊಟ್ಟರೆ ಹೋದದ್ದನ್ನು ಹಿಡಿಯಲಾಗದು. ಆಸ್ಪತ್ರೆಗೆ ಫೋನ್ ಮಾಡಿದಾಗ ಇಷ್ಟು ಕೇಳಿ: ಮೆಷಿನ್ ಇದೆಯೇ, ಎಷ್ಟು ಇವೆ, ನನ್ನ ದಿನಕ್ಕೆ ಖಾಲಿ ಸಿಗುತ್ತದೆಯೇ? ದುಡ್ಡು ಪ್ರತಿ ಸಲಕ್ಕೋ ಒಟ್ಟಿಗೋ, ನಡುವೆ ಬಿಟ್ಟರೆ ವಾಪಸ್ ಕೊಡುತ್ತೀರಾ? ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ, ಇನ್ಶೂರೆನ್ಸಿನಲ್ಲಿ ಟೋಪಿಯ ಖರ್ಚು ಸೇರುತ್ತದೆಯೇ? ನನ್ನ ಔಷಧದವರು ಎಷ್ಟು ಮಂದಿ ನಿಮ್ಮಲ್ಲಿ ಇದನ್ನು ಹಾಕಿಕೊಂಡಿದ್ದಾರೆ, ಅವರಲ್ಲಿ ಎಷ್ಟು ಮಂದಿಗೆ ವಿಗ್ ಬೇಕಾಗಲಿಲ್ಲ? ಸೈಜ್ ಯಾರು ನೋಡುತ್ತಾರೆ, ಮುಂಚೆ ಒಂದು ದಿನ ಬಂದು ಹಾಕಿ ನೋಡಬಹುದೇ?